ಎರೆ ಹೊಲಕ್ಕೊಂದು ಕೋಡಿ

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಎರೆ ಹೊಲ ಬಾಯಿ ಬಿಡುತ್ತದೆ. ಬಿರುಕಿಗೆ ಕೈ ಇಳಿಸಿದೆ, ಮೊಣಕೈವರೆಗೂ ಹೋಯಿತು. ಇದೇ ಮಣ್ಣು ಸೆಪ್ಟೆಂಬರಿನಲ್ಲಿ ನೆನೆದು ಉಬ್ಬಿ ಬಿಗಿದುಕೊಂಡರೆ ನೀರು ಇಂಗುವುದೇ ಕಷ್ಟ. ವರ್ಷಕ್ಕೆ ಬೀಳುವುದೇ ಸುಮಾರು 500 ಮಿ.ಮೀ. ಮಳೆ. ಅದೂ ಮೇಲ್ಮಣ್ಣು ಹೊತ್ತು ಹಳ್ಳ ಸೇರಿದರೆ ಹಿಂಗಾರಿ ಜೋಳಕ್ಕೆ, ಕಡಲೆಗೆ ಉಳಿಯುವುದೇನು?

ಈ ಪ್ರಶ್ನೆಗೆಂದೇ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ಶುರುವಾದದ್ದು 1954ರಲ್ಲಿ. 1967ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿತು. ಮುಖ್ಯ ಸಂಸ್ಥೆ ಡೆಹ್ರಾಡೂನಿನಲ್ಲಿದೆ.

ಒಂದು ಕಾಲಕ್ಕೆ ಎಲ್ಲೆಡೆ ಸಮಪಾತಳಿ ಬದು ಹಾಕಿಸಿದರು. ಕೆಂಪು ನೆಲಕ್ಕೆ ಒಗ್ಗಿದ್ದು ಎರೆಗೆ ಒಗ್ಗಲಿಲ್ಲ. ಬದುವಿನ ಹಿಂದೆ ನೀರು ನಿಂತು ಪೈರು ಹಳದಿಯಾಯಿತು. ಬೇಸಿಗೆಯಲ್ಲಿ ಸೀಳಿದ ಬದು ಮುಂದಿನ ದೊಡ್ಡ ಮಳೆಗೆ ಒಡೆಯಿತು. ಎಷ್ಟೋ ರೈತರು ಅದನ್ನು ಉತ್ತೇ ಹಾಕಿದರು. ಹೆಚ್ಚಾದ ನೀರನ್ನು ತಡೆದು ನಿಲ್ಲಿಸದೆ, ನಿಧಾನವಾಗಿ ಹುಲ್ಲುಗಾಲುವೆಗೆ ದಾಟಿಸುವ ಇಳಿಜಾರು ಬದು ಮತ್ತು ಬಿತ್ತನೆಗೆ ಮುಂಚೆ ಹೊಲದೊಳಗೆ ಹಾಕುವ ಚೌಕಮಡಿ ಬೇಕು ಎಂಬುದು ಆ ಪೆಟ್ಟಿನಿಂದ ಕಲಿತ ಪಾಠ.

ಹಗರಿ ದಂಡೆಯ ಹಳ್ಳಿಯೊಂದರಲ್ಲಿ, ಬದುವಿನಿಂದ ಹೆಚ್ಚಾದ ನೀರನ್ನು ಹೊರಬಿಡುವ ಕಲ್ಲಿನ ಕೋಡಿ ಕಟ್ಟುವ ಹಿರಿಯರೊಬ್ಬರು ಸಿಕ್ಕರು. ಮಾತಿಗೆ ಕೂತವರು ಮಧ್ಯಾಹ್ನದ ಊಟವನ್ನೇ ಮರೆತರು.

‘ಒಡ್ಡು ಯಾರಾದ್ರೂ ಹಾಕ್ತಾರ್ರಿ. ಜೇಸಿಬಿ ಬಂದ್ರ ಒಂದೊತ್ತಿನ ಕೆಲಸ. ನೀರು ಎಲ್ಲಿಂದ ಹೊರಗ ಹೋಗ್ಬೇಕು ಅಂತ ಹೇಳೋರು ಯಾರದಾರ?’

ಮೊದಲು ಮಳೆಯಲ್ಲಿ ನಿಂತು ನೀರಿನ ದಾರಿ ನೋಡಬೇಕಂತೆ. ಆಮೇಲೆ ಸಡಿಲು ಮಣ್ಣು ದಾಟಿ ಗಟ್ಟಿ ನೆಲ ಸಿಗುವ ತನಕ ಪಾಯ ತೆಗೆದು, ದಪ್ಪ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸಬೇಕು. ಕೋಡಿಯ ತಲೆ ಒಡ್ಡಿಗಿಂತ ತಗ್ಗಿರಬೇಕು. ನೀರು ಬೀಳುವ ಕಡೆ ಗುಂಡುಕಲ್ಲು ಹಾಸಬೇಕು, ಇಲ್ಲವಾದರೆ ಬುಡವೇ ಕೊರೆದುಹೋಗುತ್ತದೆ. ಸಿಮೆಂಟು ಮಾತ್ರ ಬೇಡ. ‘ಎರಿ ಅಂದ್ರ ಮಿಸುಕಾಡೋ ಮಣ್ಣು. ಸಿಮೆಂಟು ಬಿರುಕು ಬಿಡ್ತೈತಿ, ಒಣಗಲ್ಲು ಮಣ್ಣಿನ ಕೂಡ ಮಿಸುಕಿ ಮತ್ತ ಕೂಡ್ತೈತಿ.’ ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಈ ಕೆಲಸ ಕಲಿಯಲು ಊರಲ್ಲಿ ಯಾರೂ ಉಳಿದಿಲ್ಲ.

ಸಹಾಯಕ್ಕೇನೋ ದಾರಿಗಳಿವೆ. ಪಹಣಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಕೃಷಿ ಹೊಂಡದ ಸಹಾಯಧನ ವಿಚಾರಿಸಬಹುದು. ಕೆಂಪು ಮಣ್ಣಿನ ಹೊಂಡಕ್ಕೆ ಬೇಕಾದ ಪ್ಲಾಸ್ಟಿಕ್ ಹಾಸು ಎರೆಯಲ್ಲಿ ಸಾಮಾನ್ಯವಾಗಿ ಬೇಕಿಲ್ಲ. ಉದ್ಯೋಗ ಖಾತ್ರಿಯಲ್ಲಿ ಸಣ್ಣ ರೈತರು ಸ್ವಂತ ಹೊಲಕ್ಕೇ ಬದು ಹಾಕಿಸಿಕೊಂಡಿದ್ದಾರೆ. ಆದರೆ ಊರವರ ದೂರು ಒಂದೇ: ಅಳೆಯುವುದು ಒಡ್ಡಿನ ಉದ್ದ, ಕೋಡಿಯನ್ನು ಕೇಳುವವರಿಲ್ಲ. ಆ ದೂರು ನ್ಯಾಯವಾದದ್ದು. ಹೊಸ ಒಡ್ಡೊಂದು ಒಂದೇ ಮಳೆಗೆ ಕಿತ್ತುಹೋದ ಜಾಗವನ್ನು ಕಣ್ಣಾರೆ ಕಂಡೆ. ಕೆಳಗಿನವರ ಹೊಲದಲ್ಲಿ ಆಳುದ್ದದ ಕೊರಕಲು ಬಿದ್ದಿತ್ತು.

ಬದುವಿಗೆ ಅರ್ಜಿ ಹಾಕುವವರು ಅಂದಾಜು ಪಟ್ಟಿಯಲ್ಲಿ ಕೋಡಿಯ ಕಲ್ಲಿಗೂ ಕಟ್ಟುವವರ ಕೂಲಿಗೂ ಎಷ್ಟಿದೆ ಎಂದು ಕೇಳಲಿ. ಕೊಡುವ ಇಲಾಖೆ ಇಂಥ ಹಿರಿಯರನ್ನು ಗುರುಗಳಾಗಿ ಕರೆದು, ಕೂಲಿ ಕೊಟ್ಟು, ಊರ ಹುಡುಗರಿಗೆ ಕೆಲಸ ಕಲಿಸಲಿ. ಅದಕ್ಕೆ ಈ ಮುಂಗಾರಿಗೆ ಮುಂಚಿನ ತಿಂಗಳೇ ಸರಿಯಾದ ಸಮಯ.