ಬೆರಳು ಎಳೆದರೆ ಅರ್ಜಿ ಮಾಯ: ಬ್ರೌಸರ್‌ಗೆ ಹೊಸ ಪದ ಸೇರಿದ ಕಥೆ

ರಾಜಗೋಪಾಲನಗರದಿಂದ ಮಾತಾಡ್ತಿದ್ದೀನಿ. ಹಿಂದೆ ಲೇತ್ ಮಷೀನ್ ಸದ್ದು ಕೇಳಿಸಿದರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮೊನ್ನೆ ತಂಗಿಯ ಸ್ಕಾಲರ್‌ಶಿಪ್ ಅರ್ಜಿಯನ್ನು ಫೋನಲ್ಲೇ ತುಂಬ್ತಿದ್ದೆ. ಕೊನೇ ದಿನ, ರಾತ್ರಿ ಹನ್ನೊಂದು ಗಂಟೆ. ಕಾಲೇಜುಗಳ ಪಟ್ಟಿಯಲ್ಲಿ ಮೇಲಕ್ಕೆ ಹೋಗೋಕೆ ಬೆರಳನ್ನು ಕೆಳಗೆಳೆದೆ. ಪಟ್ಟಿ ಮುಗಿದಿದ್ದು ಗೊತ್ತಾಗದೆ ಇನ್ನೊಂದು ಸಲ ಎಳೆದೆ. ಪುಟ ರಿಫ್ರೆಶ್ ಆಯ್ತು. ತುಂಬಿದ್ದೆಲ್ಲ ಖಾಲಿ!

ಯಾಕೆ ಹೀಗೆ? ಮನೆ ಮೇಲಿನ ಟ್ಯಾಂಕ್ ತುಂಬಿದ ಮೇಲೆ ನೀರು ಪಕ್ಕದ ಮನೆಗೆ ಹರಿಯುತ್ತಲ್ಲ, ಹಾಗೇ. ಒಳಗಿನ ಪಟ್ಟಿಯ ಸ್ಕ್ರೋಲ್ ಮುಗಿದರೆ ಬೆರಳಿನ ಎಳೆತ ಹೊರಗಿನ ಪುಟಕ್ಕೆ ಹೋಗುತ್ತೆ. ಪುಟವೂ ಮೇಲ್ತುದಿಯಲ್ಲಿದ್ದರೆ ಬ್ರೌಸರ್ ಅದನ್ನು 'ರಿಫ್ರೆಶ್ ಮಾಡು' ಅಂತ ತಿಳ್ಕೊಳ್ಳುತ್ತೆ.

ಮೊದಲು ಇದನ್ನು ತಡೆಯೋಕೆ ಜಾವಾಸ್ಕ್ರಿಪ್ಟ್‌ನಲ್ಲಿ ಬೆರಳಿನ ಪ್ರತಿ ಚಲನೆಯನ್ನೂ ಹಿಡೀಬೇಕಿತ್ತು. ಸ್ಕ್ರೋಲ್ ನಿಧಾನ ಆಗ್ತಿತ್ತು. ಅದಕ್ಕೇ ಪುಟದ ಅಂದ-ಚಂದ ನೋಡ್ಕೊಳ್ಳುವ ಸಿಎಸ್ಎಸ್ ಭಾಷೆಗೆ ಹೊಸ ಪ್ರಾಪರ್ಟಿ ಬಂತು: 'ಓವರ್‌ಸ್ಕ್ರೋಲ್-ಬಿಹೇವಿಯರ್'. ಇದಕ್ಕೆ 'ಕಂಟೇನ್' ಅಂತ ಬೆಲೆ ಕೊಟ್ಟರೆ ಎಳೆತ ಅಲ್ಲೇ ನಿಲ್ಲುತ್ತೆ.

ಒಂದೇ ಪದ ತಾನೇ, ಸೇರಿಸೋದು ಸುಲಭ ಅನ್ಸುತ್ತೆ. ಅಲ್ಲ. ಮೊದಲು ಇಟ್ಟಿದ್ದ ಹೆಸರು 'ಸ್ಕ್ರೋಲ್-ಬೌಂಡರಿ-ಬಿಹೇವಿಯರ್'. ಬಿಡುಗಡೆಗೆ ಮುಂಚೆಯೇ ಬದಲಾಯಿಸಿದರು. ಯಾಕಂದ್ರೆ ಸೈಟ್‌ಗಳು ಒಮ್ಮೆ ಬಳಸೋಕೆ ಶುರುಮಾಡಿದರೆ ಆ ಪದವನ್ನು ವಾಪಸ್ ತಗೊಳ್ಳೋದು ತುಂಬಾ ಕಷ್ಟ. ಹಳೇ ಪುಟಗಳೂ ಕೆಡಬಾರದು. ನಾನು ಬಿ.ಕಾಂ. ಓದಿದವನು: ಲೆಡ್ಜರ್‌ಗೆ ಹೊಸ ಕಾಲಂ ಹಾಕಿದರೂ ಹಳೇ ಲೆಕ್ಕ ತಾಳೆ ಆಗಬೇಕು. ಅದಕ್ಕೇ ಇದರ ಮೂಲ ಬೆಲೆ 'ಆಟೊ', ಅಂದರೆ ಎಲ್ಲ ಹಿಂದಿನಂತೆಯೇ.

2017ರ ಡಿಸೆಂಬರ್‌ನಲ್ಲಿ ಕ್ರೋಮ್ 63ಕ್ಕೆ ಬಂತು, 2018ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 59ಕ್ಕೆ. ಸಫಾರಿಗೆ ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಆವೃತ್ತಿ 16ರ ಜೊತೆ. ಅಲ್ಲೀವರೆಗೆ ಐಫೋನ್‌ನಲ್ಲಿ ಕ್ರೋಮ್ ಹಾಕ್ಕೊಂಡಿದ್ದವರಿಗೂ ಇದು ಸಿಗಲಿಲ್ಲ. ಅಲ್ಲಿ ಕ್ರೋಮ್ ಒಳಗೂ ಆಪಲ್‌ನ ವೆಬ್‌ಕಿಟ್ ಎಂಜಿನ್ನೇ ಇರೋದು.

ಈಗ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ಇದೆ. ಆದರೂ ನನ್ನ ಅರ್ಜಿ ಯಾಕೆ ಹೋಯ್ತು? ಆ ಸೈಟ್ ಮಾಡಿದವರು ಆ ಒಂದು ಸಾಲು ಬರೆದಿರಲಿಲ್ಲ, ಅಷ್ಟೇ. ಬ್ರೌಸರ್ ಕೊಡೋದು ಬೀಗ ಮಾತ್ರ. ಹಾಕೋದು ಸೈಟ್‌ನವರ ಕೆಲಸ.

ಕೋಡಿಂಗ್ ಕಲೀತಿರೋ ಗೆಳೆಯರೇ, ನೀವು ಮಾಡೋ ಫಾರ್ಮ್‌ನಲ್ಲಿ ಆ ಸಾಲು ಮರೀಬೇಡಿ. ಉಳಿದವರು ದೊಡ್ಡ ಅರ್ಜಿಯನ್ನು ಕೊನೇ ರಾತ್ರಿಗೆ ಇಟ್ಕೋಬೇಡಿ. ತಂಗಿಯ ಅರ್ಜಿ ಎರಡನೇ ಸಲ ತುಂಬಿ ಕಳಿಸಿದಾಗ ಹನ್ನೆರಡಕ್ಕೆ ಏಳು ನಿಮಿಷ ಬಾಕಿ ಇತ್ತು. ಮತ್ತೆ ಸಿಗೋಣ.