ಸ್ಕ್ರಿಪ್ಟ್‌ನಲ್ಲಿ ಬರೆದ ಪಾಸ್‌ವರ್ಡ್ ಗುಟ್ಟಾಗಿ ಉಳಿಯುವುದಿಲ್ಲ

ತಪ್ಪು ಕಲ್ಪನೆ: ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆಯಿಂದ ನಿಯಂತ್ರಿಸುವ ವಿಂಡೋಸ್ ಗ್ರೂಪ್ ಪಾಲಿಸಿಯ ಸ್ಕ್ರಿಪ್ಟ್ ಇರುವುದು ಸರ್ವರ್‌ನಲ್ಲಿ. ಅದರಲ್ಲಿ ಅಡ್ಮಿನ್ ಪಾಸ್‌ವರ್ಡ್ ಬರೆದಿಟ್ಟರೂ ಸಿಬ್ಬಂದಿಗೆ ಕಾಣುವುದಿಲ್ಲ.

ಸತ್ಯ: ಕಾಣುತ್ತದೆ. ಡೊಮೈನ್‌ಗೆ ಲಾಗಿನ್ ಆಗುವ ಪ್ರತಿಯೊಬ್ಬರಿಗೂ ಕಾಣುತ್ತದೆ. ರಿಸೆಪ್ಷನ್‌ನಲ್ಲಿ ಕೂತವರಿಗೂ ಕಾಣುತ್ತದೆ, ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಬಂದ ಹುಡುಗನಿಗೂ ಕಾಣುತ್ತದೆ.

ಪಣಜಿಯ ಪಟ್ಟೊ ಕಡೆಯ, 18 ಜೂನ್ ರಸ್ತೆಯ ಸಣ್ಣ-ಮಧ್ಯಮ ಆಫೀಸುಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ನಂಬಿಕೆ ಇದು. ಇಲ್ಲಿ ಸಪೋರ್ಟ್ ಕೆಲಸಕ್ಕೆ ಬರುವವರಲ್ಲಿ ಹುಬ್ಬಳ್ಳಿ, ಬೆಳಗಾವಿ, ಕಾರವಾರ ಕಡೆಯ ಹುಡುಗರೂ ಇದ್ದಾರೆ. ಕೆಲಸ ಬಲ್ಲವರು, ಚುರುಕಾದವರು. ಅವರಲ್ಲೊಬ್ಬ ಕೇಳಿದ: "ಸಿಸ್‌ವಾಲ್ ಫೋಲ್ಡರ್ ಒಳಗ ಯಾರ್ ಹೋಗಿ ನೋಡ್ತಾರ್ರೀ ಸರ?" ಅಕೌಂಟ್ಸ್ ವಿಭಾಗದ ಕಂಪ್ಯೂಟರ್ ಮುಂದೆ, ಸಾಮಾನ್ಯ ಸಿಬ್ಬಂದಿಯ ಲಾಗಿನ್‌ನಲ್ಲೇ ಅವನನ್ನು ಕೂರಿಸಿದೆ. ವಿಂಡೋಸ್ ಕೀ ಜತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಡೊಮೈನ್ ಹೆಸರು ಟೈಪ್ ಮಾಡಿ ಎಂಟರ್ ಹೊಡೆದ. ಸರ್ವರ್‌ನಲ್ಲಿ ಪಾಲಿಸಿ, ಸ್ಕ್ರಿಪ್ಟ್‌ಗಳನ್ನು ಇಡುವ ಹಂಚಿಕೆ ಫೋಲ್ಡರ್‌ಗಳಾದ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಎದುರಿಗೆ ಬಂದವು. ಸಿಸ್‌ವಾಲ್‌ನ ಪಾಲಿಸೀಸ್ ಒಳಗೆ ಉದ್ದುದ್ದ ಅಂಕಿ-ಅಕ್ಷರಗಳ ಹೆಸರಿನ ಫೋಲ್ಡರ್‌ಗಳು. ಒಂದರಲ್ಲಿ ಯೂಸರ್, ಸ್ಕ್ರಿಪ್ಟ್ಸ್, ಲಾಗನ್ ದಾಟಿದರೆ ಒಂದು ಬ್ಯಾಚ್ ಫೈಲ್. ರೈಟ್ ಕ್ಲಿಕ್ ಮಾಡಿ ಎಡಿಟ್ ಒತ್ತಿದರೆ ನೋಟ್‌ಪ್ಯಾಡ್‌ನಲ್ಲಿ ಡ್ರೈವ್ ಜೋಡಿಸುವ ಸಾಲು, ಆ ಸಾಲಿನಲ್ಲೇ ಡೊಮೈನ್ ಅಡ್ಮಿನ್ ಹೆಸರು ಮತ್ತು ಪಾಸ್‌ವರ್ಡ್. ಇಡೀ ಆಫೀಸಿನ ಯಜಮಾನಿಕೆ ಆ ಒಂದು ಸಾಲಿನಲ್ಲಿತ್ತು.

ಯಾರೋ ಪರ್ಮಿಷನ್ ತಪ್ಪಾಗಿ ಕೊಟ್ಟಿದ್ದರಿಂದ ಹೀಗಾದದ್ದಲ್ಲ. ವಿಂಡೋಸ್ 2000 ಜತೆ ಗ್ರೂಪ್ ಪಾಲಿಸಿ ಬಂದ ದಿನದಿಂದಲೂ ವ್ಯವಸ್ಥೆ ಇರುವುದೇ ಹೀಗೆ. ಸರ್ವರ್ ಪಾಲಿಸಿಯನ್ನು ಹೊತ್ತುಕೊಂಡು ಕಂಪ್ಯೂಟರ್‌ಗಳ ಬಳಿ ಬರುವುದಿಲ್ಲ. ಪ್ರತಿ ಕಂಪ್ಯೂಟರ್ ತಾನೇ ಸಿಸ್‌ವಾಲ್‌ಗೆ ಹೋಗಿ ಓದಿಕೊಳ್ಳುತ್ತದೆ. ಲಾಗನ್ ಸ್ಕ್ರಿಪ್ಟ್ ಓಡುವುದು ಲಾಗಿನ್ ಆದವರ ಹಕ್ಕಿನಲ್ಲಿ. ಅವರಿಗೆ ಆ ಫೈಲ್ ಓದಲು ಬಾರದಿದ್ದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ. ಸ್ಕ್ರಿಪ್ಟ್ ಓಡಬೇಕು, ಆದರೆ ಯಾರಿಗೂ ಓದಲು ಸಿಗಬಾರದು ಎನ್ನುವುದು ಆಗದ ಮಾತು. ಬೇಸ್64ಕ್ಕೆ ಬದಲಾಯಿಸಿಟ್ಟರೆ ಸಾಕು ಎನ್ನುವವರಿದ್ದಾರೆ. ಬೇಸ್64 ಬರೀ ಲಿಪಿ ಬದಲಾವಣೆ, ಅದನ್ನು ಬಿಡಿಸಲು ಯಾವ ಕೀಲಿಯೂ ಬೇಡ.

"ನಾವು ಸ್ಕ್ರಿಪ್ಟ್‌ನಲ್ಲಿ ಬರೆದಿಲ್ಲ, ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲಿ ಹಾಕಿದ್ದೇವೆ, ಅಲ್ಲಿ ಎನ್‌ಕ್ರಿಪ್ಟ್ ಆಗಿರುತ್ತದೆ" ಎನ್ನುವವರ ನಂಬಿಕೆ ಇನ್ನೂ ಅಪಾಯಕಾರಿ. ಎನ್‌ಕ್ರಿಪ್ಟ್ ಆಗಿರುವುದು ನಿಜ, ಅದೂ 256 ಬಿಟ್‌ನ ಎಇಎಸ್ ಕೀಲಿಯಿಂದ. ಆದರೆ ಜಗತ್ತಿನ ಎಲ್ಲ ಡೊಮೈನ್‌ಗಳಿಗೂ ಅದೊಂದೇ ಕೀಲಿ, ಮತ್ತು ಅದನ್ನು ಮೈಕ್ರೋಸಾಫ್ಟ್ ತನ್ನ ತಾಂತ್ರಿಕ ದಾಖಲೆಗಳಲ್ಲೇ ಪ್ರಕಟಿಸಿತ್ತು. ಸಿಸ್‌ವಾಲ್‌ನಲ್ಲಿರುವ ಗ್ರೂಪ್ಸ್ ಎಂಬ ಎಕ್ಸ್‌ಎಂಎಲ್ ಫೈಲ್ ಸಿಕ್ಕರೆ ಪಾಸ್‌ವರ್ಡ್ ಬಿಡಿಸುವುದು ಕ್ಷಣದ ಕೆಲಸ. ಅದಕ್ಕೆ ಉಚಿತ ಟೂಲ್‌ಗಳೂ ಇವೆ. 2014ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಂಎಸ್14-025 ಎಂಬ ಅಪ್‌ಡೇಟ್ ಕೊಟ್ಟು ಹೀಗೆ ಹೊಸದಾಗಿ ಪಾಸ್‌ವರ್ಡ್ ಹಾಕುವ ದಾರಿ ಮುಚ್ಚಿತು. ಆ ಅಪ್‌ಡೇಟ್ ಹಳೆಯ ಫೈಲ್‌ಗಳನ್ನು ಅಳಿಸಲಿಲ್ಲ. ಸರ್ವರ್ ಬದಲಾಯಿಸಿದಾಗ ಸಿಸ್‌ವಾಲ್ ಹೊಸದಕ್ಕೂ ನಕಲಾಗುವುದರಿಂದ, 2012ರಲ್ಲಿ ಬರೆದದ್ದು ಇವತ್ತಿಗೂ ಅಲ್ಲೇ ಇರಬಹುದು.

ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಇಡಲೆಂದೇ ಹೆಚ್ಚಿನವರು ಈ ದಾರಿ ಹಿಡಿಯುತ್ತಾರೆ. ಒಂದು ಕಂಪ್ಯೂಟರ್ ಬಿದ್ದರೆ ಎಲ್ಲವೂ ಬೀಳುತ್ತವೆ. ಇದಕ್ಕೆ ಮದ್ದು 2015ರಿಂದಲೇ ಇದೆ, ಅದರ ಹೆಸರು ಲ್ಯಾಪ್ಸ್. ಅದು ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ ಪಾಸ್‌ವರ್ಡ್ ತಾನೇ ಹುಟ್ಟಿಸಿ, ಆಗಾಗ ಬದಲಿಸಿ, ಅನುಮತಿ ಇದ್ದವರಿಗೆ ಮಾತ್ರ ತೋರಿಸುತ್ತದೆ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ಅದು ವಿಂಡೋಸ್ ಒಳಗೇ ಇದೆ. ಡ್ರೈವ್ ಜೋಡಿಸಲು ಪಾಸ್‌ವರ್ಡ್ ಬರೆಯಬೇಕಿಲ್ಲ, ಆ ಫೋಲ್ಡರ್‌ಗೆ ಸಿಬ್ಬಂದಿಯ ಗುಂಪಿಗೆ ಅನುಮತಿ ಕೊಟ್ಟರಾಯಿತು. ಅಡ್ಮಿನ್ ಹಕ್ಕು ಬೇಡುವ ಕೆಲಸವನ್ನು ಸ್ಟಾರ್ಟಪ್ ಸ್ಕ್ರಿಪ್ಟ್‌ಗೆ ಹಾಕಿ. ಅದು ಸಿಸ್ಟಂ ಖಾತೆಯ ಹಕ್ಕಿನಲ್ಲೇ ಓಡುತ್ತದೆ.

ಇನ್ನುಳಿದ ತಪ್ಪು ಕಲ್ಪನೆಗಳು ಚುಟುಕಾಗಿ.

"ಜಿಪಿಅಪ್‌ಡೇಟ್ ಫೋರ್ಸ್ ಕೊಟ್ಟರೆ ಎಲ್ಲವೂ ಆಗಲೇ ಜಾರಿ": ಸಾಫ್ಟ್‌ವೇರ್ ಇನ್‌ಸ್ಟಾಲ್, ಫೋಲ್ಡರ್ ರೀಡೈರೆಕ್ಷನ್ ಆಗಲು ರೀಸ್ಟಾರ್ಟ್ ಅಥವಾ ಹೊಸ ಲಾಗಿನ್ ಬೇಕೇ ಬೇಕು. ಮಿಕ್ಕ ಹೆಚ್ಚಿನವು ಸುಮ್ಮನಿದ್ದರೂ 90 ನಿಮಿಷದಿಂದ ಎರಡು ಗಂಟೆಯೊಳಗೆ ತಾವೇ ಬರುತ್ತವೆ.

"ಪಾಲಿಸಿ ತೆಗೆದರೆ ಸ್ಕ್ರಿಪ್ಟ್ ಮಾಡಿದ್ದೂ ಹೋಗುತ್ತದೆ": ಹೋಗುವುದಿಲ್ಲ, ಅದನ್ನು ತೆಗೆಯಲು ಇನ್ನೊಂದು ಸ್ಕ್ರಿಪ್ಟ್ ಬರೆಯಬೇಕು.

"ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಿದರೆ ಸುರಕ್ಷಿತ": ಜನ ಕೊನೆಯ ಅಂಕಿ ಮಾತ್ರ ಬದಲಿಸುತ್ತಾರೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಶಿಫಾರಸುಗಳಿಂದ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮವನ್ನೇ ತೆಗೆದುಹಾಕಿತು.

"ಗೋವಾದ ಸಣ್ಣ ಆಫೀಸಿಗೆ ಯಾರು ಕನ್ನ ಹಾಕುತ್ತಾರೆ?": 2022ರ ಜೂನ್‌ನಲ್ಲಿ, ಮಳೆಗಾಲದ ಹೊತ್ತಿನಲ್ಲೇ, ಗೋವಾ ಜಲಸಂಪನ್ಮೂಲ ಇಲಾಖೆಯ ಪ್ರವಾಹ ನಿಗಾ ವ್ಯವಸ್ಥೆಯ ಸರ್ವರ್‌ಗೆ ರಾನ್ಸಮ್‌ವೇರ್ ನುಗ್ಗಿತು. ನದಿಗಳ ನೀರಿನ ಮಟ್ಟದ ಮಾಹಿತಿ ಲಾಕ್ ಆಯಿತು, ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿದರು. ಆಂಟಿವೈರಸ್ ಇರಲಿಲ್ಲ, ಫೈರ್‌ವಾಲ್ ಹಳೆಯದಾಗಿತ್ತು ಎಂದು ಇಲಾಖೆಯ ದೂರಿನಲ್ಲೇ ಇತ್ತು. ಆ ಡೇಟಾ ಸೆಂಟರ್ ಇದ್ದದ್ದು ಇದೇ ಪಣಜಿಯಲ್ಲಿ. ದಾಳಿಕೋರರು ಊರಿನ ಗಾತ್ರ ನೋಡುವುದಿಲ್ಲ, ತೆರೆದ ಬಾಗಿಲು ನೋಡುತ್ತಾರೆ.

ನನಗೆ ಸಿಟ್ಟು ಬರುವುದು ಈ ತಪ್ಪುಗಳ ಮೇಲೆ ಅಲ್ಲ, ಪರೀಕ್ಷಿಸದೆ ನಂಬುವ ಅಭ್ಯಾಸದ ಮೇಲೆ. "ಹಿಂದಿನವರು ಹೀಗೇ ಮಾಡಿದ್ದರು", "ಇಷ್ಟು ವರ್ಷ ಏನೂ ಆಗಿಲ್ಲ", "ವೆಂಡರ್ ಹೇಳಿದ್ದಾರೆ" ಎಂಬ ಮೂರು ಮಾತುಗಳ ಮೇಲೆ ಆಫೀಸುಗಳು ನಡೆಯುತ್ತಿವೆ. ಏನೂ ಆಗಿಲ್ಲ ಎಂಬುದು ಸುರಕ್ಷತೆಗೆ ಪುರಾವೆಯಲ್ಲ. ಸುರಕ್ಷಿತ ಎಂದು ಯಾರಾದರೂ ಹೇಳಿದರೆ ಹೇಗೆ ಎಂದು ಕೇಳಬೇಕು, ತೋರಿಸು ಎನ್ನಬೇಕು. ಕಂಪ್ಯೂಟರ್ ವಿಷಯದಲ್ಲಿ ಹಾಗೆ ಕೇಳಲು ವಿದ್ಯಾವಂತರೂ ಹಿಂಜರಿಯುತ್ತಾರೆ.

ಆಫೀಸು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಸಪೋರ್ಟ್‌ನವರನ್ನು ಕರೆದು, ಸಾಮಾನ್ಯ ಸಿಬ್ಬಂದಿಯ ಲಾಗಿನ್‌ನಲ್ಲಿ ಸಿಸ್‌ವಾಲ್ ಪೂರ್ತಿ ಹುಡುಕಿಸಿ. ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ಸಿಪಾಸ್‌ವರ್ಡ್ ಎಂಬ ಪದವಿದೆಯೇ, ಬ್ಯಾಚ್ ಮತ್ತು ಪವರ್‌ಶೆಲ್ ಫೈಲ್‌ಗಳಲ್ಲಿ ಪಾಸ್‌ವರ್ಡ್ ಇದೆಯೇ ನೋಡಿಸಿ. ಸಿಕ್ಕರೆ ಫೈಲ್ ಅಳಿಸಿ ಸುಮ್ಮನಾಗಬೇಡಿ. ಒಮ್ಮೆ ಅಲ್ಲಿ ಬರೆದ ಪಾಸ್‌ವರ್ಡ್ ಈಗಾಗಲೇ ಯಾರ ಕೈಯಲ್ಲಿದೆಯೋ ತಿಳಿಯದು, ಅದನ್ನು ಅಂದೇ ಬದಲಿಸಿ.