ಬಿಳಿಗಿರಿಯ ಕಾಡಿಗೆ ಅತಿಥಿಗಳಾಗಿ

ರಜೆ ಬಂದಿತೆಂದರೆ ಮಕ್ಕಳು ‘ಈ ಸಲ ಎಲ್ಲಿಗೆ ಹೋಗೋಣ?’ ಎಂದು ಕೇಳುವುದು ಎಲ್ಲ ಮನೆಗಳಲ್ಲಿಯೂ ಉಂಟು. ಅನುಕೂಲವುಳ್ಳ ಕೆಲವರು ಈಗ ಆಫ್ರಿಕಾ ಖಂಡದ ಮಳೆಕಾಡುಗಳವರೆಗೂ ಹೋಗಿಬರುತ್ತಿದ್ದಾರೆ. ಉಗಾಂಡ ದೇಶದ ಬ್ವಿಂಡಿ ರಾಷ್ಟ್ರೀಯ ಉದ್ಯಾನದಲ್ಲಿ ಗಂಟೆಗಟ್ಟಲೆ ನಡೆದು ಗೊರಿಲ್ಲಾಗಳನ್ನು ಕಂಡುಬಂದವರ ಮಾತು ಕೇಳುವುದಕ್ಕೆ ಬಹು ಸೊಗಸು. ಆದರೆ ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ, ನಮ್ಮ ಮಾಂಬಳ್ಳಿಯಲ್ಲಿ ನಿಂತು ಬೆಟ್ಟದ ಕಡೆಗೆ ಕಣ್ಣು ಹಾಯಿಸಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ತೋರುತ್ತದೆ. ಅದರ ನೆತ್ತಿಯ ಮೇಲೆಯೂ ವರ್ಷವಿಡೀ ಹಸಿರಾಗಿರುವ ಕಾಡುಂಟು. ಜಾತ್ರೆಗೆಂದು ಹೋಗಿ, ದೇವರಿಗೆ ಕೈಮುಗಿದು, ಹಿಂದಿರುಗುವ ನಾವು ಆ ಕಾಡನ್ನು ಎಷ್ಟು ಬಲ್ಲೆವು?

ಒಂದು ದಾರಿ, ಹಲವು ಕಾಡು

ಯಳಂದೂರಿನಿಂದ ಗುಂಬಳ್ಳಿಯ ಮೂಲಕ ಬೆಟ್ಟಕ್ಕೆ ಸುಮಾರು 24 ಕಿಲೋಮೀಟರು. ಈ ಸಣ್ಣ ದೂರದಲ್ಲಿಯೇ ಕಾಡು ಹಲವು ರೂಪಗಳನ್ನು ತಾಳುತ್ತದೆ. ಬೆಟ್ಟದ ಬುಡದಲ್ಲಿ ಮಳೆ ಕಡಿಮೆ. ಅಲ್ಲಿ ಕುರುಚಲು ಮುಳ್ಳುಗಿಡಗಳದೇ ರಾಜ್ಯ. ಸ್ವಲ್ಪ ಮೇಲೇರಿದರೆ ಮತ್ತಿ, ಹೊನ್ನೆ, ನೆಲ್ಲಿ, ಬಿದಿರುಗಳು ಸಿಕ್ಕುತ್ತವೆ; ಇವು ಬೇಸಿಗೆಯಲ್ಲಿ ಎಲೆ ಉದುರಿಸಿ ಬರಿದಾಗಿ ನಿಲ್ಲುತ್ತವೆ. ಇನ್ನೂ ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಕೊಂಬೆಗಳಿಗೆ ಪಾಚಿ ಹತ್ತುತ್ತದೆ, ಸೀತಾಳೆ ದಂಡೆಗಳು ತೂಗುತ್ತವೆ. ಬೆಟ್ಟದ ಕಣಿವೆಗಳಲ್ಲಿ ತೊರೆಗಳ ಪಕ್ಕದಲ್ಲಿ ಹಗಲೂ ಮಬ್ಬಾಗಿರುವ ನಿತ್ಯಹರಿದ್ವರ್ಣದ ಕಾಡನ್ನು ಸೋಲಿಗರು ಕಾನು ಎನ್ನುತ್ತಾರೆ. ಅದರ ಮೇಲಿನ ದಿಣ್ಣೆಗಳಲ್ಲಿ ಹುಲ್ಲುಗಾವಲು.

ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಿಂದ 1800 ಮೀಟರಿನವರೆಗೆ ಏರುವ ಈ ಸಾಲು ಪೂರ್ವಘಟ್ಟ ಪಶ್ಚಿಮಘಟ್ಟಗಳನ್ನು ಬೆಸೆಯುವ ಸೇತುವೆಯಂತಿದೆ. ಆದುದರಿಂದಲೇ ಆನೆಗಳು ಈ ಕಾಡಿನಿಂದ ಆ ಕಾಡಿಗೆ ದಾಟುವ ಹಾದಿಗಳು ಇಲ್ಲಿ ಹಾಯ್ದಿವೆ. ಕಾಟಿ, ಕಡವೆ, ಕಾಡುಕುರಿ, ಸೀಳುನಾಯಿ, ಕರಡಿ, ಚಿರತೆ, ಹುಲಿ ಎಲ್ಲವೂ ಇಲ್ಲಿನ ವಾಸಿಗಳೇ. ಹಕ್ಕಿಗಳಂತೂ 250ಕ್ಕೂ ಮಿಕ್ಕ ಬಗೆಯವು. ಕ್ಯಾತದೇವರಗುಡಿಯ ಕಡೆ ಮುಂಜಾನೆ ಮೌನವಾಗಿ ಕುಳಿತವರಿಗೆ ಸಿಳ್ಳಾರ ಹಕ್ಕಿಯ ಸಿಳ್ಳು ಕೇಳಿದರೆ, ಕಾಡಿನೊಳಗೆ ಯಾವನೋ ಹುಡುಗನು ಹಾಡು ಮರೆತು ಮರೆತು ಸಿಳ್ಳೆ ಹಾಕುತ್ತಿರುವನೆಂದೇ ಅನ್ನಿಸುತ್ತದೆ.

ಮನೆಯವರು ಯಾರು?

ಕಾಡಿಗೆ ಹೋದಾಗ ಮೊದಲು ತಿಳಿಯಬೇಕಾದುದು, ಅಲ್ಲಿ ನಾವು ಅತಿಥಿಗಳು. ಮನೆಯವರು ಬೇರೆ ಇದ್ದಾರೆ ಎಂಬುದು. ಅವರೇ ಸೋಲಿಗರು. ಬೆಟ್ಟದ ರಂಗಸ್ವಾಮಿಯು ತಮ್ಮ ಕುಲದ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದನೆಂದು ಅವನನ್ನು ಅವರು ಭಾವನೆಂದೇ ಭಾವಿಸುತ್ತಾರೆ. ನಮ್ಮ ಮಲೆಯ ಮಾದೇಶ್ವರನ ಕಥೆಯಲ್ಲಿಯೂ ಸೋಲಿಗರಿಗೆ ಹಿರಿಯ ಸ್ಥಾನವುಂಟು; ಕಂಸಾಳೆಯವರು ಹಾಡುವ ಸಂಕಮ್ಮನ ಸಾಲನ್ನು ಕೇಳಿದ ಯಾರಿಗೂ ಇದು ಹೊಸತಲ್ಲ. ಕಾಡಿನ ಒಳಗೆ ಭಾರ್ಗವಿ ತೊರೆಯ ದಡದಲ್ಲಿ ದೊಡ್ಡ ಸಂಪಿಗೆ ಎಂಬ ಮಹಾವೃಕ್ಷವಿದೆ. ಶತಮಾನಗಳ ಹಿಂದಿನ ಆ ಮರ ಸೋಲಿಗರಿಗೆ ದೇವರ ನೆಲೆ. ಅದರ ಬುಡದಲ್ಲಿ ಸಾಲುಸಾಲಾಗಿ ಲಿಂಗದ ಕಲ್ಲುಗಳನ್ನು ಇಟ್ಟಿದ್ದಾರೆ. ಗೋಪುರವಿಲ್ಲ, ಬಾಗಿಲಿಲ್ಲ, ಕಾಣಿಕೆಯ ಹುಂಡಿಯಿಲ್ಲ. ಆದರೂ ಅಲ್ಲಿ ನಿಂತವರ ದನಿ ತಾನಾಗಿಯೇ ತಗ್ಗುತ್ತದೆ.

ಸೋಲಿಗರ ಕಾಡಿನ ತಿಳಿವಳಿಕೆಯು ಪುಸ್ತಕದಿಂದ ಬಂದುದಲ್ಲ. ಜೇನು ಇಳಿಸುವಾಗ ಎಲ್ಲವನ್ನೂ ತೆಗೆಯದೆ ಹುಳುಗಳಿಗೆಂದು ಒಂದಿಷ್ಟು ಬಿಡುವುದು ಅವರ ಕ್ರಮ. ಹಿಂದೆ ವರ್ಷದ ಮೊದಲಲ್ಲಿ ನೆಲದ ತರಗೆಲೆಗೆ ಸಣ್ಣಗೆ ಹಾಕುತ್ತಿದ್ದ ತರಗು ಬೆಂಕಿಯಿಂದ ಕಳೆ ಅಡಗುತ್ತಿತ್ತು, ನೆಲ್ಲಿಮರವನ್ನು ಹೀರುವ ಉಪ್ಪಿಲು ಬಂದಣಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಆ ಪದ್ಧತಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನೆಲ್ಲ ಆವರಿಸಿತೆಂಬುದು ಅವರ ಅನುಭವ. ಇಂದು ಅದು ಎಷ್ಟೋ ಕಡೆ ಆಳೆತ್ತರ ಬೆಳೆದು ಜಿಂಕೆ ಕಡವೆಗಳ ಮೇವನ್ನು ನುಂಗಿರುವುದನ್ನು ದಾರಿಯಲ್ಲಿಯೇ ಕಾಣಬಹುದು.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಸೋಲಿಗರ ಕಾಡು ಬೇಸಾಯ ನಿಂತಿತು. ಅವರು ಒಂದೊಂದು ಪೋಡಿನಲ್ಲಿ ನೆಲೆನಿಲ್ಲಬೇಕಾಯಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ಅವರ ಆರೋಗ್ಯ ವಿದ್ಯೆಗಳಿಗೆ ದುಡಿದರು. 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಂತೆ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಹುಲಿಯ ಕಾಡಿನಲ್ಲಿ ಮನುಷ್ಯರಿಗೂ ಇಂಥ ಹಕ್ಕು ದೊರೆತುದು ನಮ್ಮ ದೇಶದಲ್ಲಿ ಅದೇ ಮೊದಲು.

ಇದು ಎಂಥ ದೊಡ್ಡ ಮಾತೆಂಬುದು ಬ್ವಿಂಡಿಯ ಕಥೆಯನ್ನು ಬಲ್ಲವರಿಗೆ ತಿಳಿದೀತು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ತಲತಲಾಂತರದಿಂದ ಅಲ್ಲಿದ್ದ ಬಟ್ವಾ ಜನರನ್ನು ಕಾಡಿನಿಂದ ಹೊರಹಾಕಿದರು. ಗೊರಿಲ್ಲಾಗಳು ಉಳಿದವು, ಅವುಗಳ ಸಂಖ್ಯೆಯೂ ಏರಿತು. ಬಟ್ವಾಗಳು ಮಾತ್ರ ಇನ್ನೊಬ್ಬರ ಹೊಲದಂಚಿನ ಬಡವರಾದರು. ಆದರೆ ಅಲ್ಲಿಂದ ನಾವು ಕಲಿಯಬೇಕಾದುದೂ ಒಂದುಂಟು. ಒಂದು ಗೊರಿಲ್ಲಾ ಗುಂಪನ್ನು ನೋಡಲು ದಿನಕ್ಕೆ ಎಂಟು ಮಂದಿಗೆ ಮಾತ್ರ, ಒಂದು ಗಂಟೆ ಮಾತ್ರ ಅವಕಾಶ. ನೆಗಡಿಯಾದವರಿಗೂ ಪ್ರವೇಶವಿಲ್ಲ, ಮನುಷ್ಯನ ಕಾಯಿಲೆ ಆ ಪ್ರಾಣಿಗಳಿಗೆ ಅಂಟುತ್ತದೆ. ಸಮುದ್ರ ದಾಟಿ, ಅಷ್ಟೊಂದು ಹಣ ತೆತ್ತು ಹೋದವರೂ ಈ ಕಟ್ಟಳೆಗೆ ತಲೆಬಾಗುತ್ತಾರೆ. ಮನೆಯಂಗಳದ ಕಾಡಿನಲ್ಲಿ ನಮಗೆ ಆ ವಿನಯ ಏಕೆ ಬರಬಾರದು?

ಹುಲಿಯೇರಿದ ದೇವರ ಭಕ್ತರು

ಮನಸ್ಸಿಗೆ ನೋವಾಗುವ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾಗದು. 2025ರ ಜೂನ್ 26ರಂದು ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮಾಂಸಕ್ಕೆ ವಿಷ ಬೆರೆಸಿದ ಆರೋಪದ ಮೇಲೆ ಕೆಲವರ ಬಂಧನವೂ ಆಯಿತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಸೀಮೆಯಲ್ಲಿ ಐದು ಹುಲಿಗಳು ವಿಷಕ್ಕೆ ಬಲಿಯಾದವು! ಹಸು ಕಳೆದುಕೊಂಡ ಬಡವನ ಸಂಕಟ ಸಣ್ಣದಲ್ಲ. ಅವನಿಗೆ ಪರಿಹಾರದ ಹಣ ತಡವಿಲ್ಲದೆ ದೊರೆಯುವಂತೆ ಊರಿನವರು ಜೊತೆಗೆ ನಿಂತು ಓಡಾಡಬೇಕು. ಆದರೆ ಬಾಯಿಲ್ಲದ ಜೀವಕ್ಕೆ ವಿಷವಿಕ್ಕುವುದು ದಯೆಯನ್ನು ಧರ್ಮವೆಂದು ನಂಬಿದ ನಮಗೆ ಸಲ್ಲದ ಕೆಲಸ. ಸೋಲಿಗರು ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುತ್ತಾರೆ. ಹುಲಿವಾಹನನ ಪಟವನ್ನು ದೇವರ ಮನೆಯಲ್ಲಿಟ್ಟು ನಮಸ್ಕರಿಸುವ ನಾವು ಆ ವಾಹನವನ್ನು ಪಟದಲ್ಲಿ ಮಾತ್ರ ಉಳಿಸಿಕೊಂಡರೆ ಸಾಕೇ?

ಹೋಗುವವರು ಗಮನಿಸಬೇಕಾದುದು

ಬಿಳಿಗಿರಿಗೆ ಕುಟುಂಬ ಸಮೇತ ಹೋಗುವ ಬಂಧುಗಳು ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು. ರಾತ್ರಿ ಕಾಡಿನ ದಾರಿಯಲ್ಲಿ ವಾಹನಗಳಿಗೆ ಅವಕಾಶವಿಲ್ಲ. ಕಾಡಿನೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು. ಅನುಮತಿ ದೊರೆತಲ್ಲಿ ಸೋಲಿಗ ಮಾರ್ಗದರ್ಶಿಯನ್ನು ಮುಂದಿಟ್ಟುಕೊಂಡೇ ನಡೆಯಬೇಕು. ಹೆಜ್ಜೆಗುರುತು, ಲದ್ದಿ, ಮುರಿದ ಬಿದಿರು ಇವನ್ನು ಓದುವುದನ್ನು ಆತನೇ ಮಕ್ಕಳಿಗೆ ಕಲಿಸುತ್ತಾನೆ. ಬುತ್ತಿಯನ್ನು ಬಟ್ಟೆಯಲ್ಲಿ, ಡಬ್ಬಿಯಲ್ಲಿ ಕಟ್ಟಿರಿ. ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಬಿಟ್ಟುಬರಬೇಡಿರಿ. ದಾರಿಯ ಕೋತಿಗಳಿಗೆ ಬಾಳೆಹಣ್ಣು ಎಸೆಯುವುದು ದಾಸೋಹವಲ್ಲ. ಆ ರುಚಿಗೆ ರಸ್ತೆಗಿಳಿದ ಪ್ರಾಣಿ ಗಾಲಿಗೆ ಸಿಕ್ಕಿ ಸಾಯುತ್ತದೆ. ಬೆಂಕಿಕಡ್ಡಿ, ಧ್ವನಿವರ್ಧಕಗಳು ಊರಿನಲ್ಲೇ ಇರಲಿ. ಮಾದಪ್ಪನ ಬೆಟ್ಟಕ್ಕೆ ಹನೂರು, ಕೌದಳ್ಳಿ, ತಾಳಬೆಟ್ಟದ ಮೂಲಕ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೂ ಈ ಮಾತೇ ಅನ್ವಯಿಸುತ್ತದೆ. ಅವರು ಗುಂಪು ಬಿಟ್ಟು, ಹೊತ್ತು ಮೀರಿ ನಡೆಯಬಾರದು.

ಬಿಳಿಗಿರಿಯ ಸಾಲಿನ ತೊರೆಗಳು ಸುವರ್ಣಾವತಿಯನ್ನು ಕೂಡಿ ಯಳಂದೂರಿನ ಸೀಮೆಯನ್ನು ತಣಿಸಿ ಕಾವೇರಿಯನ್ನು ಸೇರುತ್ತವೆ. ನಮ್ಮ ಗದ್ದೆಯ ನೀರು, ಬಾವಿಯ ತೇವ, ತಟ್ಟೆಯ ಅನ್ನ ಎಲ್ಲಕ್ಕೂ ಆ ಕಾನಿನ ಋಣವಿದೆ. ಬರುವ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು, ಈ ಋಣವನ್ನು ಅವರಿಗೆ ಬಾಯಿಮಾತಿನಲ್ಲಿ ಹೇಳದೆ ಕಣ್ಣಾರೆ ತೋರಿಸಿರಿ.